ಹದಿಹರೆಯ ಮತ್ತು ಸಾಮಾಜಿಕ ಜಾಲತಾಣ: ಗಂಟೆಗಳ ಲೆಕ್ಕದಾಚೆಗೆ

ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಮಗನೋ ಮಗಳೋ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಹಿಡಿದಿರಬಹುದು? ವೈದ್ಯರನ್ನು, ಶಿಕ್ಷಕರನ್ನು, ಪತ್ರಿಕೆಗಳ ಆಪ್ತಸಲಹೆಯ ಅಂಕಣಕಾರರನ್ನು ಕೇಳುವುದೂ ಇದನ್ನೇ. ಒಂದು ಗಂಟೆಯೇ, ಎರಡೇ, ಮೂರೇ? ಆದರೆ ಕಳೆದ ಎರಡು ದಶಕಗಳ ಸಂಶೋಧನೆಗಳು, ವಿಚಾರಣೆಗಳಲ್ಲಿ ಮಂಡನೆಯಾದ ಸಾಕ್ಷ್ಯಗಳು ಹಾಗೂ ಕಂಪನಿಗಳ ಒಳಗಿನಿಂದಲೇ ಹೊರಬಿದ್ದ ಕಾಗದಪತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ, ಈ ಪ್ರಶ್ನೆಯಿಂದ ಅರ್ಧ ಉತ್ತರವಷ್ಟೇ ದೊರೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಆ ಹೊತ್ತಿನಲ್ಲಿ ಮಗುವಿನ ಮುಂದೆ ಏನು ಬಂದು ನಿಲ್ಲುತ್ತಿದೆ, ಅದನ್ನು ಯಾರು ಯಾವ ಲೆಕ್ಕಾಚಾರದಿಂದ ತಂದು ನಿಲ್ಲಿಸುತ್ತಿದ್ದಾರೆ, ಆ ಹೊತ್ತು ನಿದ್ದೆಯದ್ದೋ ಆಟದ್ದೋ ಎಂಬ ಪ್ರಶ್ನೆಗಳು ಗಂಟೆಯ ಲೆಕ್ಕಕ್ಕಿಂತ ಮುಖ್ಯ. ಅದನ್ನು ತಿಳಿಯಲು ಬ್ರಿಟನ್ನಿನ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಲಂಡನ್ನಿನ ಒಂದು ವಿಚಾರಣೆ

2017ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಪ್ರದೇಶದ ಮಾಲಿ ರಸೆಲ್ ಎಂಬ 14 ವರ್ಷದ ಬಾಲಕಿ ಸಾವಿಗೀಡಾದಳು. ಸುಮಾರು ಐದು ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ, ಉತ್ತರ ಲಂಡನ್ನಿನ ಕರೋನರ್ ನ್ಯಾಯಾಲಯ ಆ ಸಾವಿನ ವಿಚಾರಣೆ ನಡೆಸಿತು. (ಅಸಹಜ ಸಾವುಗಳ ಕಾರಣವನ್ನು ಪತ್ತೆಹಚ್ಚುವ ಅಧಿಕಾರಿಯನ್ನು ಬ್ರಿಟನ್ನಿನಲ್ಲಿ ಕರೋನರ್ ಎನ್ನುತ್ತಾರೆ. ಯಾರನ್ನೂ ಅಪರಾಧಿಯೆಂದು ಸಾರುವ ಅಧಿಕಾರ ಅವರಿಗಿಲ್ಲ.)

ಸಾವಿಗೆ ಮುಂಚಿನ ಆರು ತಿಂಗಳಲ್ಲಿ ಬಾಲಕಿ ಇನ್‌ಸ್ಟಾಗ್ರಾಂನಲ್ಲಿ ಉಳಿಸಿಕೊಂಡ, ಮೆಚ್ಚಿದ ಅಥವಾ ಹಂಚಿಕೊಂಡ ಸುಮಾರು 16,300 ಚಿತ್ರ, ಬರಹ, ದೃಶ್ಯತುಣುಕುಗಳ ಪಟ್ಟಿ ನ್ಯಾಯಾಲಯದ ಮುಂದೆ ಬಂತು. ಅವುಗಳಲ್ಲಿ ಸುಮಾರು 2,100 ಖಿನ್ನತೆ, ಸ್ವಯಂಹಾನಿ ಅಥವಾ ಆತ್ಮಹತ್ಯೆಗೆ ಸಂಬಂಧಿಸಿದವು. ಈ ಎರಡೂ ಅಂಕಿಗಳನ್ನು ಜೊತೆಯಾಗಿಯೇ ಓದಬೇಕು. ಉಳಿದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ವಸ್ತುಗಳು ಈ ಬಗೆಯವಲ್ಲ. ಹೆಗಲ ಮೇಲಿನಿಂದ ಯಾರಾದರೂ ಒಮ್ಮೆ ಇಣುಕಿದ್ದರೂ ಅವರಿಗೆ ಅನುಮಾನ ಹುಟ್ಟದಿರುವ ಸಾಧ್ಯತೆಯೇ ಹೆಚ್ಚು.

ಪಿಂಟರೆಸ್ಟ್ ಎಂಬ ಮತ್ತೊಂದು ತಾಣವು ಖಿನ್ನತೆಯ ಕುರಿತ ಚಿತ್ರಗಳು ನಿಮಗೆ ಹಿಡಿಸಬಹುದು ಎಂಬ ಅರ್ಥದ ಮಿಂಚಂಚೆಗಳನ್ನು ಆಕೆಗೆ ಕಳುಹಿಸಿತ್ತು. ಅದನ್ನು ಯಾವ ಮನುಷ್ಯನೂ ಕುಳಿತು ಬರೆದಿರಲಿಲ್ಲ. ಹಿಂದೆ ಏನನ್ನು ನೋಡಿದ್ದಾಳೋ ಅದನ್ನೇ ಮತ್ತಷ್ಟು ಕೊಡು ಎಂಬ ಸೂತ್ರಕ್ಕೆ ಕಟ್ಟುಬಿದ್ದ ಗಣಕಯಂತ್ರ ತನ್ನ ಕೆಲಸ ಮಾಡಿತ್ತು, ಅಷ್ಟೆ. ಪಾದರಕ್ಷೆ ನೋಡಿದವರಿಗೆ ಪಾದರಕ್ಷೆಯ ಜಾಹೀರಾತು ತೋರಿಸುವ ಸೂತ್ರವೂ ಇದೇ.

ಆ ಕಂಪನಿಯ ಹಿರಿಯ ಅಧಿಕಾರಿ ತಮ್ಮ ತಾಣ ಆಗ ಸುರಕ್ಷಿತವಾಗಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿದರು. ಇನ್‌ಸ್ಟಾಗ್ರಾಂನ ಮಾಲೀಕ ಸಂಸ್ಥೆ ಮೆಟಾದ ಅಧಿಕಾರಿಯ ನಿಲುವು ಬೇರೆಯಿತ್ತು. ಕೆಲವು ವಸ್ತುಗಳು ತಮ್ಮ ನಿಯಮ ಮೀರಿದ್ದು ನಿಜ, ಅದಕ್ಕೆ ವಿಷಾದವಿದೆ, ಆದರೆ ಜನರು ತಮ್ಮ ನೋವನ್ನು ಹೇಳಿಕೊಳ್ಳಲು ಜಾಗವಿರಬೇಕು ಎಂಬುದು ಅವರ ವಾದದ ಸಾರ. ಆ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೇಳಿಕೊಳ್ಳಲು ಒಬ್ಬರಿಗೆ ಜಾಗ ಕೊಡುವುದು ಒಂದು ಮಾತು. ಹೇಳಿಕೊಂಡದ್ದನ್ನೆಲ್ಲ ಹೆಕ್ಕಿ ತಂದು ಖಿನ್ನತೆಯಲ್ಲಿರುವ ಮತ್ತೊಂದು ಮಗುವಿನ ಮುಂದೆ ಸಾಲಾಗಿ ಜೋಡಿಸುವುದು ಬೇರೆಯೇ ಮಾತು.

ಆ ಸಾಮಗ್ರಿಯನ್ನು ಪರಿಶೀಲಿಸಿದ ಮಕ್ಕಳ ಮನೋವೈದ್ಯ ಡಾ. ನವೀನ್ ವೇಣುಗೋಪಾಲ್, ನೋಡಿದ ಬಳಿಕ ಕೆಲವು ವಾರ ತಮಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಸಾಕ್ಷ್ಯ ನುಡಿದರು. ಇಂಥವನ್ನು ನೋಡುವುದೇ ವೃತ್ತಿಯಾಗಿರುವ ವಯಸ್ಕರೊಬ್ಬರ ಮಾತಿದು. 2022ರ ಸೆಪ್ಟೆಂಬರ್ 30ರಂದು ಕರೋನರ್ ಆಂಡ್ರ್ಯೂ ವಾಕರ್ ತಮ್ಮ ನಿರ್ಣಯ ನೀಡಿದರು. ಬಾಲಕಿ ಖಿನ್ನತೆಯಿಂದ ಹಾಗೂ ಅಂತರ್ಜಾಲದ ವಸ್ತುಗಳ ದುಷ್ಪರಿಣಾಮದಿಂದ ಬಳಲುತ್ತಿದ್ದಾಗ ಸ್ವಯಂಹಾನಿಯಿಂದ ಮೃತಪಟ್ಟಳು ಎಂಬುದು ಅದರ ತಿರುಳು. ಖಿನ್ನತೆ ಮೊದಲೋ ಜಾಲತಾಣ ಮೊದಲೋ ಎಂಬ ಪ್ರಶ್ನೆಯನ್ನು ಅವರು ಬಿಡಿಸಲು ಹೋಗಲಿಲ್ಲ. ಎರಡೂ ಒಟ್ಟಿಗಿದ್ದವು ಎಂದರು. ಸಂಶೋಧಕರ ವರ್ಷಾನುಗಟ್ಟಲೆಯ ಜಗಳ ಇರುವುದೂ ಇದೇ ಪ್ರಶ್ನೆಯ ಸುತ್ತ. ಅತ್ತ ಹೋಗುವ ಮೊದಲು ಈ ಯಂತ್ರ ಬೆಳೆದು ಬಂದ ಬಗೆಯನ್ನು ನೋಡಬೇಕು.

ಆರ್ಕುಟ್‌ನಿಂದ ರೀಲ್ಸ್‌ವರೆಗೆ

ಇಂದು ನಲವತ್ತರ ಆಸುಪಾಸಿನಲ್ಲಿರುವ ಓದುಗರಿಗೆ ಆರ್ಕುಟ್ ನೆನಪಿರಬಹುದು. ಗೂಗಲ್ 2004ರ ಜನವರಿಯಲ್ಲಿ ಆರಂಭಿಸಿ 2014ರ ಸೆಪ್ಟೆಂಬರ್ 30ರಂದು ಮುಚ್ಚಿದ ಈ ತಾಣ, ಭಾರತ ಮತ್ತು ಬ್ರೆಜಿಲ್‌ನಲ್ಲಿ ಬಹಳ ಜನಪ್ರಿಯವಾಗಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಹಣ ತೆತ್ತು, ಗೆಳೆಯರು ಬರೆದ ‘ಸ್ಕ್ರ್ಯಾಪ್’ ಓದಿ, ಉತ್ತರ ಬರೆದು ಎದ್ದುಬರುತ್ತಿದ್ದ ಕಾಲವದು. ಅಲ್ಲಿ ಓದುವುದು ಮುಗಿಯುತ್ತಿತ್ತು. ಹೊಸ ಸ್ಕ್ರ್ಯಾಪ್ ಇಲ್ಲದಿದ್ದರೆ ನೋಡಲು ಹೆಚ್ಚೇನೂ ಇರುತ್ತಿರಲಿಲ್ಲ.

ಮುಗಿಯುವ ಗುಣವನ್ನೇ ಮುಂದಿನ ತಾಣಗಳು ಒಂದೊಂದಾಗಿ ಕಳಚಿದವು. 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ‘ನ್ಯೂಸ್ ಫೀಡ್’ ಆರಂಭಿಸಿತು. ಗೆಳೆಯರ ಪುಟಕ್ಕೆ ನಾವು ಹೋಗುವ ಬದಲು ಅವರ ಸುದ್ದಿಯೇ ನಮ್ಮತ್ತ ಬರತೊಡಗಿತು. ಅದೇ ವರ್ಷ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದ ಪುಟವನ್ನು ರೂಪಿಸಿದರು. ಬೆರಳು ಜಾರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. (ಅದರ ಬಗ್ಗೆ ಅವರು ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಅಷ್ಟರಲ್ಲಿ ಅದು ಲೋಕವನ್ನೆಲ್ಲ ವ್ಯಾಪಿಸಿತ್ತು!) 2009ರ ಫೆಬ್ರುವರಿಯಲ್ಲಿ ಫೇಸ್‌ಬುಕ್‌ಗೆ ‘ಲೈಕ್’ ಗುಂಡಿ ಬಂತು. 2010ರಲ್ಲಿ ಬಂದ ಐಫೋನ್ 4ರ ಮುಂಭಾಗದಲ್ಲೂ ಕ್ಯಾಮೆರಾ ಇತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂ ಆರಂಭವಾಯಿತು. ಫೋನನ್ನು ತಿರುಗಿಸದೆಯೇ ತನ್ನ ಮುಖ ತಾನೇ ನೋಡಿಕೊಂಡು ಚಿತ್ರ ತೆಗೆದು, ಅದಕ್ಕೆ ಎಷ್ಟು ಜನರ ಮೆಚ್ಚುಗೆ ಬಂತೆಂದು ಎಣಿಸುವುದಕ್ಕೆ ಬೇಕಾದ ಸಲಕರಣೆಯೆಲ್ಲ ಎರಡೇ ವರ್ಷಗಳಲ್ಲಿ ಒಟ್ಟುಗೂಡಿತ್ತು.

2016ರಲ್ಲಿ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಸಮಯದ ಅನುಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ಬಳಕೆದಾರರನ್ನು ಯಾವುದು ಹಿಡಿದಿಡಬಹುದೆಂಬ ಅಂದಾಜಿನ ಮೇಲೆ ತೋರಿಸತೊಡಗಿತು. ಇದರ ಪರಾಕಾಷ್ಠೆಯೇ ಟಿಕ್‌ಟಾಕ್. ಅಲ್ಲಿ ಗೆಳೆಯರೇ ಬೇಕಿಲ್ಲ. ಯಾವ ದೃಶ್ಯದ ಮೇಲೆ ಎಷ್ಟು ಸೆಕೆಂಡು ನಿಂತಿರಿ ಎಂಬುದೇ ಅದಕ್ಕೆ ಸಾಕು. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಚೀನೀ ಆಪ್‌ಗಳನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ‘ರೀಲ್ಸ್’ ತಂದಿತು. ಅಂಗಡಿ ಮುಚ್ಚಿತು, ಗಿರಾಕಿಗಳು ಪಕ್ಕದ ಅಂಗಡಿಗೆ ನಡೆದರು. ಭದ್ರತೆಯ ಕಾರಣಕ್ಕೆ ಮಾಡಿದ ನಿಷೇಧವಾದ್ದರಿಂದ ಆಗ ಯಾರೂ ಇದನ್ನು ಹದಿಹರೆಯದವರ ದೃಷ್ಟಿಯಿಂದ ನೋಡಲಿಲ್ಲ. ನಿಷೇಧದ ಬಗ್ಗೆ ಇಂದು ಮಾತನಾಡುವವರು ಇದನ್ನು ನೆನಪಿಟ್ಟುಕೊಳ್ಳುವುದೊಳ್ಳೆಯದು.

ಹದಿಹರೆಯದ ಮಿದುಳಿನ ಮೇಲೆ ಇದರ ಪ್ರಭಾವವೇನು? ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಕುತೂಹಲಕರ. 13ರಿಂದ 18 ವರ್ಷದ 32 ಮಂದಿಗೆ ಚಿತ್ರಗಳನ್ನು ತೋರಿಸುತ್ತ ಅವರ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಚಿತ್ರಗಳ ಕೆಳಗಿನ ಲೈಕ್‌ಗಳ ಸಂಖ್ಯೆಯನ್ನು ಸಂಶೋಧಕರೇ ನಿಗದಿ ಮಾಡಿದ್ದರು. ಒಂದೇ ಚಿತ್ರಕ್ಕೆ ಹೆಚ್ಚು ಲೈಕ್ ಇದ್ದಾಗ ನೋಡಿದವರೂ ಅದನ್ನು ಮೆಚ್ಚುವುದು ಹೆಚ್ಚಾಯಿತು. ತಮ್ಮದೇ ಚಿತ್ರಕ್ಕೆ ಹೆಚ್ಚು ಲೈಕ್ ಕಂಡಾಗ ಮಿದುಳಿನಲ್ಲಿ ಬಹುಮಾನದ ಸುಖಕ್ಕೆ ಸಂಬಂಧಿಸಿದ ಭಾಗ ಚುರುಕಾಯಿತು. ಸಿಗರೇಟು, ಮದ್ಯದಂಥ ಚಿತ್ರಗಳನ್ನು ನೋಡುವಾಗ ಸಂಯಮಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಇಳಿಯಿತು. ಓರಗೆಯವರ ಮೆಚ್ಚುಗೆಗಾಗಿ ಹಾತೊರೆಯುವುದು ಈ ವಯಸ್ಸಿನ ಸಹಜ ಗುಣ. ಶಾಲೆಯ ಅಂಗಳದಲ್ಲಿ ಅದಕ್ಕೊಂದು ಮಿತಿ ಇತ್ತು, ಸಂಜೆ ಗಂಟೆ ಬಾರಿಸಿದರೆ ಮುಗಿಯುತ್ತಿತ್ತು. ಈಗ ಅದು ಅಂಕಿಯಾಗಿ ದಿಂಬಿನ ಪಕ್ಕವೇ ಮಲಗುತ್ತದೆ.

ಕಂಪನಿಗೇ ಗೊತ್ತಿದ್ದ ಸಂಗತಿ

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಫೇಸ್‌ಬುಕ್ ಕಂಪನಿಯ ಆಂತರಿಕ ದಾಖಲೆಗಳನ್ನು ಆಧರಿಸಿ ಸರಣಿ ವರದಿಗಳನ್ನು ಪ್ರಕಟಿಸಿತು. ದಾಖಲೆಗಳನ್ನು ಹೊರತಂದವರು ಅಲ್ಲಿ ಉದ್ಯೋಗಿಯಾಗಿದ್ದ ಫ್ರಾನ್ಸಿಸ್ ಹಾಗನ್. ತಮ್ಮ ದೇಹದ ಬಗ್ಗೆ ಬೇಸರದಲ್ಲಿದ್ದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತೆಂದು ಹದಿಹರೆಯದ ಹುಡುಗಿಯರಲ್ಲಿ 32 ಶೇಕಡಾ ಮಂದಿ ಕಂಪನಿಯದೇ ಸಮೀಕ್ಷೆಗೆ ತಿಳಿಸಿದ್ದರು.

ಕಂಪನಿಯ ಪ್ರತಿವಾದವನ್ನೂ ಹೇಳಬೇಕು. ಈ ಅಂಕಿ ಎಲ್ಲ ಹುಡುಗಿಯರದ್ದಲ್ಲ, ಆ ಸಮಸ್ಯೆ ಮೊದಲೇ ಇದ್ದವರದ್ದು. ಒಂಟಿತನ, ದುಃಖ, ಆತಂಕ ಮುಂತಾದ 12 ವಿಷಯಗಳ ಪೈಕಿ 11ರಲ್ಲಿ, ಕಷ್ಟದಲ್ಲಿದ್ದ ಹುಡುಗಿಯರ ಪೈಕಿ ಕೆಟ್ಟದಾಯಿತು ಎಂದವರಿಗಿಂತ ಒಳಿತಾಯಿತು ಎಂದವರೇ ಹೆಚ್ಚು. ದೇಹದ ರೂಪದ ವಿಷಯವೊಂದೇ ಅಪವಾದ. ಈ ಪ್ರತಿವಾದ ಸುಳ್ಳೆನ್ನುವಂತಿಲ್ಲ. ಆದರೆ ಮೊದಲೇ ನೊಂದವರಿಗೆ ಹಾನಿ ಹೆಚ್ಚು ಎಂಬುದು ಸಮರ್ಥನೆ ಹೇಗಾಗುತ್ತದೆಂಬುದು ಈ ವರದಿಗಾರನಿಗೆ ಅರ್ಥವಾಗಿಲ್ಲ. ಲಂಡನ್ನಿನ ಬಾಲಕಿಯೂ ಅಂಥವಳೇ ಆಗಿದ್ದಳು. ಅದೇ ತಿಂಗಳು 27ರಂದು ಕಂಪನಿ, 13 ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾಗಿ ರೂಪಿಸುತ್ತಿದ್ದ ಇನ್‌ಸ್ಟಾಗ್ರಾಂ ಯೋಜನೆಯನ್ನು ಸ್ಥಗಿತಗೊಳಿಸಿತು. ಅಕ್ಟೋಬರ್ 5ರಂದು ಹಾಗನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು.

ಇಲ್ಲಿ ಮುಖ್ಯವಾದುದು 32 ಎಂಬ ಅಂಕಿಯಲ್ಲ. ಯಾವ ಮಗು ಏನನ್ನು, ಯಾವಾಗ, ಎಷ್ಟು ಹೊತ್ತು ನೋಡಿತು ಎಂಬ ನಿಖರ ಲೆಕ್ಕ ಕಂಪನಿಗಳ ಬಳಿ ಇದೆ. ಹೊರಗಿನ ಸಂಶೋಧಕರ ಬಳಿ ಬಹುಪಾಲು ಇರುವುದು ‘ದಿನಕ್ಕೆ ಸುಮಾರು ಎಷ್ಟು ಗಂಟೆ ನೋಡುತ್ತೀರಿ’ ಎಂಬ ಪ್ರಶ್ನೆಗೆ ಮಕ್ಕಳೇ ಕೊಟ್ಟ ಉತ್ತರ. ಗಂಟೆಗಳ ಚರ್ಚೆ ಇಷ್ಟೊಂದು ಬೆಳೆದದ್ದಕ್ಕೆ ಇದೂ ಒಂದು ಕಾರಣ. ಕೈಗೆ ಸಿಕ್ಕ ಅಳತೆಗೋಲು ಅದೊಂದೇ.

ಆಲೂಗಡ್ಡೆಯ ಹೋಲಿಕೆ

ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಇಬ್ಬರು ಸಂಶೋಧಕರು 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಜಾಲಾಡಿ ಒಂದು ಪ್ರಬಂಧ ಪ್ರಕಟಿಸಿದರು. ಮಕ್ಕಳ ಮನಸ್ಸಿನ ನೆಮ್ಮದಿಯಲ್ಲಿರುವ ಏರುಪೇರಿನ ಪೈಕಿ ಡಿಜಿಟಲ್ ಸಾಧನಗಳ ಬಳಕೆಗೆ ಹೊಂದಿಕೆಯಾಗುವ ಪಾಲು ಹೆಚ್ಚೆಂದರೆ 0.4 ಶೇಕಡಾ ಎಂದು ಅವರು ಲೆಕ್ಕ ಹಾಕಿದರು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ಸಂಬಂಧ ಹೆಚ್ಚುಕಡಿಮೆ ಇಷ್ಟೇ ಎಂಬ ಅವರ ಹೋಲಿಕೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮುದ್ರಣವಾಯಿತು.

ಹಾಗಾದರೆ ಗಾಬರಿಗೆ ಕಾರಣವಿಲ್ಲವೇ? ಸರಾಸರಿಯ ಸ್ವಭಾವವೇ ಹಾಗೆ. ಸಾವಿರ ಮಕ್ಕಳ ಪೈಕಿ ಕೆಲವರಿಗೆ ಒಳಿತಾಗಿ, ಬಹುಮಂದಿಗೆ ಏನೂ ಆಗದೆ, ಕೆಲವರಿಗೆ ತೀವ್ರ ಹಾನಿಯಾಗಿದ್ದರೆ ಸರಾಸರಿ ಸೊನ್ನೆಯ ಹತ್ತಿರವೇ ಬರುತ್ತದೆ. ಆರ್ಬೆನ್ ಅವರೇ ಸಹೋದ್ಯೋಗಿಗಳೊಂದಿಗೆ 2022ರಲ್ಲಿ ಬ್ರಿಟನ್ನಿನ ಮಾಹಿತಿ ಬಳಸಿ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಈ ಬಾರಿ ವಯಸ್ಸುಗಳನ್ನು ಬೇರ್ಪಡಿಸಿ ನೋಡಿದ್ದರು. ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14 ಮತ್ತು 15, ಇಬ್ಬರಲ್ಲೂ 19ರ ಸುಮಾರಿಗೆ ಜಾಲತಾಣದ ಬಳಕೆ ಹೆಚ್ಚಾದರೆ ಒಂದು ವರ್ಷದ ನಂತರ ಬದುಕಿನ ಬಗೆಗಿನ ತೃಪ್ತಿ ಇಳಿಯುವುದು ಕಂಡುಬಂತು. ಅಂದರೆ ಹುಡುಗಿಯರಲ್ಲಿ ಎಚ್ಚರ ಬೇಕಾದುದು ಹೈಸ್ಕೂಲು ಮೆಟ್ಟಿಲೇರುವ ಮೊದಲೇ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಚಿಂತೆ ಶುರುವಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ!

ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲ ಬಿಡಿಸಲು ಮೂವರು ಅರ್ಥಶಾಸ್ತ್ರಜ್ಞರು ಒಳ್ಳೆಯ ಉಪಾಯ ಹೂಡಿದರು. ಫೇಸ್‌ಬುಕ್ 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ, ಅಮೆರಿಕದ ಕಾಲೇಜುಗಳಿಗೆ ಒಂದರ ನಂತರ ಒಂದರಂತೆ ಹಬ್ಬಿತ್ತು. ಅದು ಬಂದ ಕಾಲೇಜು, ಇನ್ನೂ ಬಾರದ ಕಾಲೇಜು ಎರಡನ್ನೂ ಹೋಲಿಸಿದರೆ ಸಹಜವಾದ ಒಂದು ಪ್ರಯೋಗವೇ ಸಿದ್ಧವಾಗುತ್ತದೆ. 2022ರಲ್ಲಿ ‘ಅಮೆರಿಕನ್ ಇಕನಾಮಿಕ್ ರಿವ್ಯೂ’ ನಿಯತಕಾಲಿಕದಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಫೇಸ್‌ಬುಕ್ ಬಂದ ಮೇಲೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು. ತಮ್ಮನ್ನು ಇತರರೊಂದಿಗೆ ಹೋಲಿಸಿಕೊಂಡು ತಾವು ಕಡಿಮೆ ಎಂದುಕೊಳ್ಳುವುದೇ ಮುಖ್ಯ ಕಾರಣವೆಂದು ಅವರು ಗುರುತಿಸಿದರು. ಮನುಷ್ಯ ತನ್ನ ಯೋಗ್ಯತೆಯನ್ನು ಪಕ್ಕದವರನ್ನು ನೋಡಿ ಅಳೆದುಕೊಳ್ಳುತ್ತಾನೆಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ 1954ರಷ್ಟು ಹಿಂದೆಯೇ ಹೇಳಿದ್ದರು. ಪಕ್ಕದವರು ಹತ್ತು ಜನರಿದ್ದದ್ದು ಈಗ ಹತ್ತು ಕೋಟಿಯಾಗಿದ್ದಾರೆ, ಅದೂ ಫಿಲ್ಟರ್ ಹಚ್ಚಿಕೊಂಡು.

ಇನ್ನೊಂದು ಪ್ರಯೋಗದಲ್ಲಿ ಸುಮಾರು 2,700 ಅಮೆರಿಕನ್ ವಯಸ್ಕರ ಪೈಕಿ ಒಂದು ಗುಂಪಿಗೆ ಹಣ ಕೊಟ್ಟು, 2018ರಲ್ಲಿ ನಾಲ್ಕು ವಾರ ಫೇಸ್‌ಬುಕ್ ಬಿಡಿಸಲಾಯಿತು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು, ನೆಮ್ಮದಿ ಚೂರು ಹೆಚ್ಚಿತು. ಸುದ್ದಿಯ ತಿಳಿವಳಿಕೆ ಮಾತ್ರ ಕಡಿಮೆಯಾಯಿತು. ಸುದ್ದಿ ಮಾರಿ ಬದುಕುವ ನಮ್ಮಂಥವರು ಇದನ್ನು ಸಂಕೋಚದಿಂದಲೇ ಬರೆಯಬೇಕು.

2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ (ಇವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ) ಹೊರಡಿಸಿದ ಸಲಹಾಪತ್ರ ಈ ಎಲ್ಲವನ್ನೂ ತೂಗಿ ನೋಡಿತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಬಳಸುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಇಮ್ಮಡಿ ಎಂಬ ಅಧ್ಯಯನವನ್ನು ಅದು ಉಲ್ಲೇಖಿಸಿತು. ಜೊತೆಗೆ ಒಂಟಿಯಾದ ಮಕ್ಕಳಿಗೆ ಜಾಲತಾಣಗಳಲ್ಲಿ ದೊರೆಯುವ ಸ್ನೇಹ, ಬೆಂಬಲವನ್ನೂ ಒಪ್ಪಿಕೊಂಡಿತು. ಮಕ್ಕಳಿಗೆ ಇವು ಸಾಕಷ್ಟು ಸುರಕ್ಷಿತವೆಂದು ಹೇಳಲು ಆಧಾರವಿಲ್ಲ ಎಂಬುದು ಅದರ ನಿಲುವು. ಔಷಧವಾಗಲಿ ಆಟಿಕೆಯಾಗಲಿ ಸುರಕ್ಷಿತವೆಂದು ತೋರಿಸುವ ಹೊಣೆ ತಯಾರಕರದ್ದು. ಜಾಲತಾಣದ ವಿಷಯದಲ್ಲಿ ಮಾತ್ರ ಅಪಾಯವನ್ನು ಸಾಬೀತುಪಡಿಸುವ ಹೊಣೆ ಮಕ್ಕಳ ತಂದೆತಾಯಿಯ ಮೇಲೆ ಬಿದ್ದಿದೆ.

ನಮ್ಮಲ್ಲಿ

ಮೇಲಿನ ಅಧ್ಯಯನಗಳೆಲ್ಲ ಅಮೆರಿಕ, ಬ್ರಿಟನ್ನಿನವು. ಪ್ರತಿ ಮಗುವಿಗೂ ಸ್ವಂತ ಕೋಣೆ, ಸ್ವಂತ ಫೋನ್ ಇರುವ ಸಮಾಜದಿಂದ ಬಂದವು. ಅವನ್ನು ಹಾಗೆಯೇ ತಂದು ನಮ್ಮ ಮೇಲೆ ಹೊದಿಸುವಂತಿಲ್ಲ. ಭಾರತದಲ್ಲಿ ಇಂಟರ್‌ನೆಟ್ ಅಗ್ಗವಾದದ್ದು 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾದ ಮೇಲೆ. ಫೋನು ಮಕ್ಕಳ ಕೈಗೆ ಬಂದದ್ದು 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ. ಪಾಠಕ್ಕೆಂದು ಕೊಟ್ಟ ಫೋನು ಶಾಲೆ ತೆರೆದ ಮೇಲೂ ಅನೇಕ ಮನೆಗಳಲ್ಲಿ ಹಿರಿಯರ ಕೈಗೆ ಮರಳಲಿಲ್ಲ.

ದೇಶದ ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ಪ್ರಕಾರ, 14ರಿಂದ 16 ವರ್ಷದವರಲ್ಲಿ 82.2 ಶೇಕಡಾ ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ 57 ಶೇಕಡಾ ಮಂದಿ ಹಿಂದಿನ ವಾರದಲ್ಲಿ ಕಲಿಕೆಗೆ ಸಂಬಂಧಿಸಿ ಅದನ್ನು ಬಳಸಿದ್ದರು, ಜಾಲತಾಣಗಳಿಗಾಗಿ ಬಳಸಿದವರು 76 ಶೇಕಡಾ. ಇದು ಹಳ್ಳಿಗಳ ಲೆಕ್ಕ ಎಂಬುದನ್ನು ನಗರದ ಓದುಗರು ಗಮನಿಸಬೇಕು. ಸ್ವಂತ ಫೋನ್ ಇದ್ದವರು ಹುಡುಗರಲ್ಲಿ 36.2 ಶೇಕಡಾ, ಹುಡುಗಿಯರಲ್ಲಿ 26.9 ಶೇಕಡಾ ಮಾತ್ರ. ನಮ್ಮ ಹುಡುಗಿಯರಲ್ಲಿ ಬಹುಮಂದಿ ಅಮ್ಮನದೋ ಅಣ್ಣನದೋ ಫೋನ್ ಪಡೆದು ನೋಡುವವರು. ಅದು ಒಂದು ರಕ್ಷಣೆ, ಹಾಗೆಯೇ ಒಂದು ಅಪಾಯವೂ ಹೌದು: ತೊಂದರೆಯಾದಾಗ ಹೇಳಿದರೆ ಮೊದಲು ಫೋನ್ ಹೋಗುತ್ತದೆ, ಆಮೇಲೆ ಕಾಲೇಜೇ ಹೋಗಬಹುದು ಎಂಬ ಭಯ ಬಾಯಿ ಕಟ್ಟಿಹಾಕುತ್ತದೆ. ಚಿತ್ರ ತಿರುಚಿ ಬೆದರಿಸುವವರು ನೆಚ್ಚಿಕೊಂಡಿರುವುದೂ ಈ ಮೌನವನ್ನೇ.

ದೇಹದ ರೂಪದ ಚಿಂತೆಗೆ ನಮ್ಮಲ್ಲಿ ಬಣ್ಣದ ಚಿಂತೆಯೂ ಸೇರಿಕೊಳ್ಳುತ್ತದೆ. ಬಿಳಿಯ ಬಣ್ಣದ ವ್ಯಾಮೋಹ ಜಾಲತಾಣಗಳು ಹುಟ್ಟುಹಾಕಿದ್ದಲ್ಲ, ವಧುವರರ ಜಾಹೀರಾತು ಓದಿದವರಿಗೆ ಅದು ಗೊತ್ತು. ಮುಖವನ್ನು ಒಂದೇ ಸ್ಪರ್ಶಕ್ಕೆ ಬೆಳ್ಳಗಾಗಿಸುವ ಫಿಲ್ಟರ್ ಆ ವ್ಯಾಮೋಹಕ್ಕೆ ತುಪ್ಪ ಸುರಿದಿದೆ. ಅದೇ ತಾಣಗಳಲ್ಲಿ ಸಣ್ಣ ಊರಿನ ಹುಡುಗ ಹುಡುಗಿಯರು ತಮ್ಮ ಸೀಮೆಯ ಕನ್ನಡದಲ್ಲೇ ನಗಿಸಿ, ಹಾಡಿ ಸಾವಿರಾರು ಜನರನ್ನು ತಲುಪುತ್ತಿದ್ದಾರೆಂಬುದೂ ನಿಜ. ಮೊದಲಾಗಿದ್ದರೆ ಅವರಿಗೆ ಬೆಂಗಳೂರಿನ ಸ್ಟುಡಿಯೋಗಳ ಬಾಗಿಲು ಕಾಯಬೇಕಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ ‘ಶಟ್’ ಹೆಸರಿನ ಚಿಕಿತ್ಸಾಲಯ ಆರಂಭಿಸಿತು. ಹೆಸರಿನ ಪೂರ್ಣ ರೂಪದ ಅರ್ಥ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂದು. ಬಳಕೆಯನ್ನು ಬಿಡಿಸುವುದು ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 2022ರಲ್ಲಿ ಜಾರಿಗೆ ಬಂದ ಆವೃತ್ತಿಯಲ್ಲಿ ವಿಡಿಯೋ ಆಟದ ಗೀಳಿಗೆ ಸ್ಥಾನವಿದೆ, ಸಾಮಾಜಿಕ ಜಾಲತಾಣದ ಗೀಳು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಆದ್ದರಿಂದ ಮಗ ಸದಾ ಫೋನಿನಲ್ಲಿರುತ್ತಾನೆಂದು ಅವನನ್ನು ‘ಅಡಿಕ್ಟ್’ ಎಂದು ಕರೆಯುವ ಮೊದಲು ಯೋಚಿಸುವುದು ಲೇಸು.

ವಯಸ್ಸಿನ ಗೆರೆ

13 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ ಎಂದು ಬಹುತೇಕ ತಾಣಗಳು ಹೇಳುತ್ತವೆ. ಈ 13 ಎಂಬ ಅಂಕಿ ಮನೋವಿಜ್ಞಾನದಿಂದ ಬಂದದ್ದಲ್ಲ. ಅದಕ್ಕಿಂತ ಚಿಕ್ಕ ಮಕ್ಕಳ ಖಾಸಗಿ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂಬ ಅಮೆರಿಕದ 1998ರ ಕಾನೂನಿನಿಂದ ಬಂದದ್ದು. ಫೇಸ್‌ಬುಕ್ ಹುಟ್ಟುವುದಕ್ಕೆ ಆರು ವರ್ಷ ಮೊದಲಿನ ಕಾನೂನದು.

ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಈ ಗೆರೆಯನ್ನು 16ಕ್ಕೆ ಏರಿಸುವ ಕಾನೂನು ಅಂಗೀಕರಿಸಿತು. 2025ರ ಡಿಸೆಂಬರ್ 10ರಿಂದ ಅದು ಜಾರಿಯಲ್ಲಿದೆ. ಗೆರೆ ದಾಟಿದ ಮಗುವಿಗಾಗಲಿ ಪೋಷಕರಿಗಾಗಲಿ ಶಿಕ್ಷೆಯಿಲ್ಲ. ತಡೆಯಲು ಸೂಕ್ತ ಕ್ರಮ ಕೈಗೊಳ್ಳದ ಕಂಪನಿಗೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಹೊಣೆಯನ್ನು ಹೊರಿಸಿದ ಜಾಗ ಸರಿಯಾಗಿದೆ. ಆದರೆ 16 ತುಂಬಿದ ಮರುದಿನ ಆ ಮಗು ಸೇರುವುದು ಹಿಂದಿನ ಅದೇ ಕೊನೆಯಿಲ್ಲದ ಪುಟಕ್ಕೆ. ಬ್ರಿಟನ್ನಿನ 2023ರ ಕಾನೂನು ಇನ್ನೊಂದು ದಾರಿ ಹಿಡಿಯಿತು. ಸ್ವಯಂಹಾನಿಯಂಥ ವಸ್ತುಗಳು ಮಕ್ಕಳಿಗೆ ತಲುಪದಂತೆ ನೋಡಿಕೊಳ್ಳುವುದು ತಾಣಗಳ ಕರ್ತವ್ಯವೆಂದಿತು. ಮಕ್ಕಳ ರಕ್ಷಣೆಯ ಆ ನಿಯಮಗಳು 2025ರ ಜುಲೈನಲ್ಲಿ ಜಾರಿಯಾದವು.

ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಆಲಿಸುವಾಗ, ಮದ್ಯಕ್ಕಿರುವಂತೆ ಜಾಲತಾಣಕ್ಕೂ 21ರ ವಯೋಮಿತಿ ಇದ್ದರೆ ಒಳಿತೆಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ಅದು ಆದೇಶವಾಗಿರಲಿಲ್ಲ. ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಮಕ್ಕಳ ಚಲನವಲನದ ಜಾಡು ಹಿಡಿಯುವುದು, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಕಂಪನಿಗಳ ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿತ್ತು.

ಈ ಕಾಯ್ದೆಯಲ್ಲಿ ಹೆಚ್ಚು ಪ್ರಚಾರ ಪಡೆದದ್ದು ಪೋಷಕರ ಒಪ್ಪಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿಗೆ ಆಪ್ ಹಾಕಿಕೊಡುವವನು, ಒಟಿಪಿ ಓದಿ ಹೇಳುವವನು ಮಗನೇ. ಅವನ ಪರವಾಗಿ ಒಪ್ಪಿಗೆಯ ಗುಂಡಿಯನ್ನು ಯಾರು ಒತ್ತುತ್ತಾರೆಂದು ಊಹಿಸುವುದು ಕಷ್ಟವಲ್ಲ. ಲಂಡನ್ನಿನ ಪ್ರಕರಣದ ಬೆಳಕಿನಲ್ಲಿ ನೋಡಿದರೆ ಅಷ್ಟಾಗಿ ಯಾರೂ ಚರ್ಚಿಸದ ಎರಡನೆಯ ಭಾಗವೇ, ಅಂದರೆ ಜಾಡು ಹಿಡಿಯಬಾರದೆಂಬ ನಿಯಮವೇ, ಹೆಚ್ಚು ಬೆಲೆಯುಳ್ಳದ್ದು. ಜಾಡು ಹಿಡಿಯದಿದ್ದರೆ ಖಿನ್ನತೆಯ ಚಿತ್ರ ನೋಡಿದ ಮಗುವಿಗೆ ಇನ್ನಷ್ಟು ಅಂಥವನ್ನೇ ಬಡಿಸುವುದು ಯಂತ್ರಕ್ಕೆ ಸಾಧ್ಯವಾಗದು.

ಮನೆಯಲ್ಲಿ ಗಮನಿಸಬೇಕಾದದ್ದು

ಕಾನೂನು ಬರುವ ತನಕ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಸಂಶೋಧಕರಲ್ಲಿ ಅತಿ ಕಡಿಮೆ ಭಿನ್ನಾಭಿಪ್ರಾಯ ಇರುವುದು ನಿದ್ದೆಯ ವಿಷಯದಲ್ಲಿ. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಚಾರ್ಜಿಗಿರಲಿ, ದೊಡ್ಡವರದೂ ಕೂಡ. ಇಷ್ಟೊಂದನ್ನು ಪಾಲಿಸಿದರೂ ಗಂಟೆಗಳ ಜಗಳ ಅರ್ಧ ತಗ್ಗುತ್ತದೆ.

ಇನ್‌ಸ್ಟಾಗ್ರಾಂ ಭಾರತದಲ್ಲಿ 2025ರ ಫೆಬ್ರುವರಿಯಲ್ಲಿ ಹದಿಹರೆಯದವರ ಪ್ರತ್ಯೇಕ ಖಾತೆಗಳನ್ನು ತಂದಿತು. ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಷನ್ ಸದ್ದು ಮಾಡುವುದಿಲ್ಲ, 16ರೊಳಗಿನವರು ಈ ಕಟ್ಟುಗಳನ್ನು ಸಡಿಲಿಸಲು ಪೋಷಕರ ಅನುಮತಿ ಬೇಕು. ಹುಟ್ಟಿದ ವರ್ಷವನ್ನು ಸುಳ್ಳು ಹೇಳಿ ತೆರೆದ ಖಾತೆಗೆ ಇವು ಅನ್ವಯಿಸದೆ ಹೋಗಬಹುದು. ಖಾತೆಯಲ್ಲಿ ನಮೂದಾದ ಜನ್ಮದಿನಾಂಕವನ್ನು ಮಗುವಿನ ಜೊತೆ ಕುಳಿತು ಒಮ್ಮೆ ನೋಡುವುದು ಒಳ್ಳೆಯದು. ಹಾಗೆಯೇ ಫೀಡ್ ತುಂಬ ಒಂದೇ ಬಗೆಯ ನೋವಿನ, ದೇಹ ತೆಳ್ಳಗಾಗಿಸುವ ಅಥವಾ ದ್ವೇಷದ ದೃಶ್ಯಗಳು ಬರತೊಡಗಿದ್ದರೆ ಶಿಫಾರಸುಗಳನ್ನು ಅಳಿಸಿ ಹೊಸದಾಗಿ ಆರಂಭಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ.

ಕಾಳಜಿ ಮಾಡಬೇಕಾದ ಲಕ್ಷಣಗಳು ಫೋನಿನಲ್ಲಲ್ಲ, ಫೋನಿನಾಚೆಗೆ ಕಾಣುತ್ತವೆ. ಮೊದಲು ಖುಷಿ ಕೊಡುತ್ತಿದ್ದ ಆಟ, ಗೆಳೆಯರು ಬೇಡವಾಗುವುದು. ಊಟ ನಿದ್ದೆಗಳು ಕೆಡುವುದು. ಕನ್ನಡಿಯ ಮುಂದೆ ಅಥವಾ ಕ್ಯಾಮೆರಾದ ಮುಂದೆ ತನ್ನನ್ನೇ ಹಳಿದುಕೊಳ್ಳುವುದು. ಫೋನಿಗೆ ಸಂದೇಶ ಬಂದೊಡನೆ ಮುಖ ಕಳೆಗುಂದುವುದು. ಕೊನೆಯದು ಬೆದರಿಕೆಯ ಸೂಚನೆಯೂ ಆಗಿರಬಹುದು. ಅಂಥ ಸಂದರ್ಭದಲ್ಲಿ ಹಣ ಕೊಡಬಾರದು, ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಸೈಬರ್ ಅಪರಾಧದ ದೂರಿಗೆ 1930, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗೆ ಕರೆ ಮಾಡಬಹುದು. ಮನಸ್ಸಿನ ತೊಂದರೆಗೆ ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ನಿಮ್ಹಾನ್ಸ್ ಮುಖ್ಯ ಸಂಯೋಜಕ ಸಂಸ್ಥೆಯಾಗಿರುವ ‘ಟೆಲಿ ಮಾನಸ್’ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಮಾಡುವವರು ಪೋಷಕರೇ ಆಗಬೇಕೆಂದಿಲ್ಲ.